ಪ್ರಶ್ನೋತ್ತರ: ಕೋಬಾಲ್ ಕಲಿಕೆಯನ್ನು ಎಲ್ಲಿಂದ ಆರಂಭಿಸಬೇಕು?

ಕಂಪ್ಯೂಟರ್ ಕಲಿಕೆಯ ಕುರಿತು ಈ ಬಾರಿ ಬಂದ ಪತ್ರಗಳಲ್ಲಿ ಆರು ಪತ್ರಗಳು ಕೋಬಾಲ್ ಎಂಬ ಒಂದೇ ಪ್ರೋಗ್ರಾಮಿಂಗ್ ಭಾಷೆಗೆ ಸಂಬಂಧಿಸಿದ್ದುದರಿಂದ, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಮುದ್ರಣದ ಅನುಕೂಲಕ್ಕಾಗಿ ಪ್ರೋಗ್ರಾಮಿನ ಸಾಲುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಪ್ರಶ್ನೆ: ಮಾನ್ಯರೇ, ನಾನು ಬಿ.ಕಾಂ. ಪದವೀಧರೆ. ಎರಡು ವರ್ಷ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸ ಮಾಡಿದ್ದೇನೆ. ಬೆಂಗಳೂರಿನ ಕಂಪನಿಯೊಂದರಲ್ಲಿರುವ ನಮ್ಮ ಅತ್ತಿಗೆಯವರು, ಮೇನ್‌ಫ್ರೇಮ್ (ಬ್ಯಾಂಕಿನಂಥ ದೊಡ್ಡ ಸಂಸ್ಥೆಗಳ ಭಾರಿ ಕಂಪ್ಯೂಟರ್) ವಿಭಾಗಕ್ಕೆ ಕೋಬಾಲ್ ಬಲ್ಲವರು ಬೇಕಾಗಿದ್ದಾರೆ, ಕಲಿತು ನೋಡು ಎಂದರು. ಪ್ರೋಗ್ರಾಮಿಂಗ್‌ನ ಗಂಧಗಾಳಿ ನನಗಿಲ್ಲ. ಗೆಳತಿಯರು ‘ಅಜ್ಜನ ಕಾಲದ ಭಾಷೆ’ ಎಂದು ನಗುತ್ತಾರೆ. ಹದಿನೈದು ದಿನ ಪುಸ್ತಕ ಹಿಡಿದು ಕುಳಿತೆ. ಪರದೆಯ ಮೇಲೆ ‘ನಮಸ್ಕಾರ’ ಎಂದು ತೋರಿಸುವುದಕ್ಕೇ ಅಷ್ಟು ಸಾಲು ಬರೆಯಬೇಕೆಂದು ತಿಳಿದು ಎದೆಗುಂದಿದೆ. ನನ್ನಂಥವರು ಇದನ್ನು ಕಲಿಯಲು ಸಾಧ್ಯವೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಜ್ಜನ ಕಾಲದ್ದು ಎಂಬ ಮಾತಿನಲ್ಲಿ ಸುಳ್ಳೇನೂ ಇಲ್ಲ. 1950ರ ದಶಕದಲ್ಲಿ ಅಮೆರಿಕದ ಒಂದೊಂದು ಕಂಪನಿಯ ಕಂಪ್ಯೂಟರಿಗೂ ಅದರದೇ ಭಾಷೆ ಇತ್ತು. ಹಳೆಯ ಯಂತ್ರವನ್ನು ಮಾರಿ ಬೇರೆ ಕಂಪನಿಯ ಯಂತ್ರವನ್ನು ತಂದ ಸಂಸ್ಥೆ ತನ್ನ ಸಂಬಳದ ಪಟ್ಟಿ, ದಾಸ್ತಾನಿನ ಲೆಕ್ಕ, ಎಲ್ಲವನ್ನೂ ಮೊದಲಿನಿಂದ ಬರೆಸಬೇಕಾಗುತ್ತಿತ್ತು. ಎಲ್ಲ ಯಂತ್ರಗಳಿಗೂ ಸಲ್ಲುವ ವ್ಯವಹಾರದ ಭಾಷೆಯೊಂದು ಬೇಕೆಂದು 1959ರಲ್ಲಿ ಯಂತ್ರ ತಯಾರಕರು, ಬಳಕೆದಾರರು ಮತ್ತು ಅಮೆರಿಕದ ರಕ್ಷಣಾ ಇಲಾಖೆಯವರು ಪೆಂಟಗನ್‌ನಲ್ಲಿ ಸಭೆ ಸೇರಿದರು. ನೌಕಾಪಡೆಯ ಗ್ರೇಸ್ ಹಾಪರ್ ಅವರು ಅದಕ್ಕೂ ಮೊದಲೇ ರೂಪಿಸಿದ್ದ ಫ್ಲೋ-ಮ್ಯಾಟಿಕ್ ಎಂಬ ಭಾಷೆಯಿಂದ ಬಹಳಷ್ಟನ್ನು ತೆಗೆದುಕೊಂಡು, ಜೀನ್ ಸ್ಯಾಮೆಟ್ ಮೊದಲಾದವರಿದ್ದ ಸಮಿತಿ ಕೋಬಾಲನ್ನು ಸಿದ್ಧಪಡಿಸಿತು. 1960ರ ಡಿಸೆಂಬರಿನಲ್ಲಿ, ಹೆಚ್ಚುಕಡಿಮೆ ಒಂದೇ ಪ್ರೋಗ್ರಾಂ ಆರ್‌ಸಿಎ ಮತ್ತು ಯೂನಿವ್ಯಾಕ್ ಎಂಬ ಎರಡು ಬೇರೆ ಬೇರೆ ಯಂತ್ರಗಳ ಮೇಲೆ ಓಡಿತು. ಅಜ್ಜನ ಕಾಲದ್ದಾದರೂ ಅಜ್ಜನ ಜೊತೆಗೇ ನಿಂತುಹೋದ ಭಾಷೆ ಇದಲ್ಲ. ಇದರ ಇತ್ತೀಚಿನ ಅಂತರರಾಷ್ಟ್ರೀಯ ಮಾನಕ ಪ್ರಕಟವಾದದ್ದು 2023ರಲ್ಲಿ.

ನಿಮ್ಮನ್ನು ಎದೆಗುಂದಿಸಿದ ಆ ಉದ್ದಕ್ಕೆ ಕಾರಣ, ಪ್ರೋಗ್ರಾಂ ಬರೆಯದ ಕಚೇರಿಯ ಮೇಲಧಿಕಾರಿಯೂ ಅದನ್ನು ಓದಿ ಅರ್ಥಮಾಡಿಕೊಳ್ಳುವಂತಿರಬೇಕು ಎಂಬ ಅಂದಿನವರ ಆಸೆ. ಆ ಆಸೆ ಪೂರ್ತಿ ಕೈಗೂಡಲಿಲ್ಲ. ಬಡ್ಡಿಯ ಲೆಕ್ಕವನ್ನು ಕೋಬಾಲ್‌ನಲ್ಲಿ ಓದಿ ತಲೆದೂಗಿದ ಮೇಲಧಿಕಾರಿಯನ್ನು ನನ್ನ ಇಡೀ ಸೇವಾವಧಿಯಲ್ಲಿ ನಾನು ಕಂಡಿಲ್ಲ. ಆದರೆ ಮೂವತ್ತು ವರ್ಷದ ಹಿಂದೆ ಯಾರೋ ಬರೆದಿಟ್ಟ ಪ್ರೋಗ್ರಾಮನ್ನು ಇಂದು ಹೊಸಬರೊಬ್ಬರು ತೆರೆದು ‘ಆ್ಯಡ್ ಬಡ್ಡಿ ಟು ಅಸಲು ಗಿವಿಂಗ್ ಒಟ್ಟು-ಬಾಕಿ’ ಎಂಬ ಸಾಲನ್ನು ನೋಡಿದರೆ, ಏನು ನಡೆಯುತ್ತಿದೆ ಎಂದು ಇನ್ನೊಬ್ಬರನ್ನು ಕೇಳಬೇಕಾಗುವುದಿಲ್ಲ.

ಇನ್ನು ಎಲ್ಲಿಂದ ಆರಂಭಿಸಬೇಕು ಎಂಬುದು. ಒಂದು ಕೋಬಾಲ್ ಪ್ರೋಗ್ರಾಮಿನಲ್ಲಿ ನಾಲ್ಕು ವಿಭಾಗಗಳಿರುತ್ತವೆ. ಇದನ್ನು ಕ್ರಯಪತ್ರಕ್ಕೆ ಹೋಲಿಸಬಹುದು. ಮೊದಲನೆಯ ಐಡೆಂಟಿಫಿಕೇಶನ್ ವಿಭಾಗದಲ್ಲಿ ಪತ್ರದ ಹೆಸರು, ಎರಡನೆಯ ಎನ್‌ವಿರಾನ್‌ಮೆಂಟ್ ವಿಭಾಗದಲ್ಲಿ ಯಾವ ಫೈಲುಗಳು ಎಲ್ಲಿವೆ ಎಂಬ ವಿವರ, ಮೂರನೆಯ ಡೇಟಾ ವಿಭಾಗದಲ್ಲಿ ಷೆಡ್ಯೂಲು, ನಾಲ್ಕನೆಯ ಪ್ರೊಸೀಜರ್ ವಿಭಾಗದಲ್ಲಿ ಷರತ್ತುಗಳು ಮತ್ತು ನಡೆಯಬೇಕಾದ ಕೆಲಸ. ಬಹುಪಾಲು ಪುಸ್ತಕಗಳು ಹೊಸಬರನ್ನು ನೇರವಾಗಿ ನಾಲ್ಕನೆಯ ವಿಭಾಗಕ್ಕೆ ಕರೆದೊಯ್ಯುತ್ತವೆ. ಬೇರೆ ಭಾಷೆಗಳನ್ನು ಕಲಿಸುವ ರೂಢಿಯೂ ಅದೇ. ನನ್ನ ಅಭಿಪ್ರಾಯದಲ್ಲಿ ಕೋಬಾಲ್ ಮಟ್ಟಿಗೆ ಅದು ತಪ್ಪು. ಜಮೀನಿನ ಚಕ್ಕುಬಂದಿಯನ್ನೇ ಓದದೆ ಕ್ರಯಪತ್ರಕ್ಕೆ ಸಹಿ ಹಾಕುವವರುಂಟೇ? ಮೊದಲು ಡೇಟಾ ವಿಭಾಗವನ್ನು ಕಲಿಯಿರಿ, ಅದನ್ನೂ ಕಂಪ್ಯೂಟರ್ ಮುಟ್ಟದೆ, ಚೌಕಳಿ ಹಾಳೆಯ ಮೇಲೆ.

ನಿಮ್ಮ ಬ್ಯಾಂಕ್ ಪಾಸ್‌ಬುಕ್ಕನ್ನು ತೆರೆದಿಟ್ಟುಕೊಳ್ಳಿ. ಒಂದು ಸಾಲಿನಲ್ಲಿ ದಿನಾಂಕ, ವಿವರ, ಮೊತ್ತ ಮತ್ತು ಬಾಕಿ ಇರುತ್ತವೆ. ಚೌಕಳಿ ಹಾಳೆಯಲ್ಲಿ ಒಂದು ಅಕ್ಷರಕ್ಕೆ ಒಂದು ಚೌಕದಂತೆ ಆ ಸಾಲನ್ನು ತುಂಬಿ. ದಿನಾಂಕಕ್ಕೆ ಎಂಟು ಚೌಕ ಬೇಕು, ಅವುಗಳಲ್ಲಿ ಅಂಕಿ ಮಾತ್ರ ಇರುತ್ತದೆ. ಅದನ್ನು ಕೋಬಾಲ್‌ನಲ್ಲಿ ‘ಪಿಕ್ 9(8)’ ಎಂದು ಬರೆಯುತ್ತಾರೆ. ವಿವರಕ್ಕೆ ಮೂವತ್ತು ಚೌಕ, ಅಕ್ಷರ ಅಂಕಿ ಏನು ಬೇಕಾದರೂ ಬರಬಹುದು. ಅದು ‘ಪಿಕ್ ಎಕ್ಸ್(30)’. ಮೊತ್ತಕ್ಕೆ ರೂಪಾಯಿಯ ಐದು ಅಂಕಿ ಮತ್ತು ಪೈಸೆಯ ಎರಡು ಅಂಕಿ. ಅದು ‘ಪಿಕ್ 9(5)ವಿ99’. ಇಲ್ಲಿ ‘ವಿ’ ಎಂಬುದು ದಶಮಾಂಶ ಬಿಂದು ಇರುವ ಜಾಗದ ಗುರುತು ಮಾತ್ರ, ಅದಕ್ಕೆ ಪ್ರತ್ಯೇಕ ಚೌಕ ಇಲ್ಲ. ಏಳು ಅಂಕಿಗಳಿಗೆ ಏಳೇ ಚೌಕ. ‘ಪಿಕ್’ ಎಂದರೆ ಪಿಕ್ಚರ್, ಅಂದರೆ ಆ ಮಾಹಿತಿಯ ಚಿತ್ರ. ಮನೆಯಲ್ಲಿರುವ ವಿದ್ಯುತ್ ಬಿಲ್ಲು, ಪಡಿತರ ಚೀಟಿ, ಕಾಲೇಜಿನ ಅಂಕಪಟ್ಟಿ, ಹೀಗೆ ಹತ್ತು ಕಾಗದಗಳಿಗೆ ಈ ಬಗೆಯ ಚಿತ್ರ ಬರೆದು ಮುಗಿಸುವ ಹೊತ್ತಿಗೆ ಕೋಬಾಲ್‌ನ ಕಠಿಣವಾದ ಅರ್ಧಭಾಗ ನಿಮ್ಮ ಕೈಗೆ ಬಂದಿರುತ್ತದೆ. ಲೆಕ್ಕದ ಕಾಲಂಗಳ ಅಭ್ಯಾಸವಿರುವ ನಿಮಗೆ ಈ ಕೆಲಸ ಎಂಜಿನಿಯರಿಂಗ್ ಓದಿದವರಿಗಿಂತ ಬೇಗ ಒಗ್ಗುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲೆ.

ಈ ಚಿತ್ರವನ್ನು ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ಅನುಭವ ಕಾರಣ. ಕೆಲಸಕ್ಕೆ ಸೇರಿದ ಮೊದಲ ವರ್ಷ ಸಂಸ್ಥೆಯೊಂದಕ್ಕೆ ಬಡ್ಡಿಯ ಪಟ್ಟಿ ಮುದ್ರಿಸುವ ಪ್ರೋಗ್ರಾಂ ಬರೆದಿದ್ದೆ. ಒಟ್ಟು ಮೊತ್ತವನ್ನು ಒಳಗೆ ಸರಿಯಾಗಿಯೇ ಕೂಡಿಸಿದ್ದೆ, ಆದರೆ ಅದನ್ನು ಮುದ್ರಣದ ಸಾಲಿಗೆ ಸಾಗಿಸುವ ಜಾಗದಲ್ಲಿ ರೂಪಾಯಿಗೆ ಐದೇ ಅಂಕಿಯ ಸ್ಥಳ ಕೊಟ್ಟಿದ್ದೆ. ಒಟ್ಟು 1,23,456 ರೂಪಾಯಿ 78 ಪೈಸೆ ಬಂದಾಗ ಕಾಗದದ ಮೇಲೆ ಮೂಡಿದ್ದು 23,456.78. ಕೋಬಾಲ್‌ನ ‘ಮೂವ್’ ಎಂಬ ಆದೇಶ ಅಂಕಿಗಳನ್ನು ದಶಮಾಂಶ ಬಿಂದುವಿಗೆ ಹೊಂದಿಸಿ ಇಡುತ್ತದೆ. ಎಡಗಡೆ ಜಾಗ ಸಾಲದಿದ್ದರೆ ಅತಿ ದೊಡ್ಡ ಬೆಲೆಯ ಅಂಕಿಯನ್ನೇ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಪ್ರೋಗ್ರಾಂ ನಿಲ್ಲಲಿಲ್ಲ, ತಪ್ಪಿನ ಸಂದೇಶವೂ ಬರಲಿಲ್ಲ. ಪಟ್ಟಿಯನ್ನು ಪೆನ್ಸಿಲಿನಿಂದ ಮತ್ತೊಮ್ಮೆ ಕೂಡಿಸಿ ತಾಳೆ ನೋಡಿದ ಹಿರಿಯ ಗುಮಾಸ್ತರೊಬ್ಬರು, ‘ಒಂದು ಲಕ್ಷ ಎಲ್ಲಿ ಹೋಯಿತಪ್ಪಾ?’ ಎಂದು ಕೇಳಿದಾಗ ನನಗೆ ಬೆವರು ಬಂತು. 1990ರ ದಶಕದ ಕೊನೆಯಲ್ಲಿ ಜಗತ್ತನ್ನೇ ಕಾಡಿದ ವೈಟುಕೆ ಸಮಸ್ಯೆಯೂ ಮೂಲದಲ್ಲಿ ಇದೇ ಜಾತಿಯದು: ಜಾಗ ಉಳಿಸಲೆಂದು ಇಸವಿಗೆ ಎರಡೇ 9 ಕೊಟ್ಟಿದ್ದರು, 99ರ ನಂತರ 00 ಬಂದರೆ ಅದು 1900 ಆದೀತೆಂದು ಹೆದರಿದರು. ಆ ಇಸವಿಗಳನ್ನು ಹುಡುಕಿ ತಿದ್ದುವ ಕೆಲಸಕ್ಕಾಗಿಯೇ ಬೆಂಗಳೂರಿನಲ್ಲಿ ಆಗ ಅನೇಕ ಯುವಕ ಯುವತಿಯರು ಕೋಬಾಲ್ ಕಲಿತರು.

ದುಡ್ಡಿನ ಲೆಕ್ಕಕ್ಕೆ ಈ ಭಾಷೆ ಇಂದಿಗೂ ಏಕೆ ಉಳಿದಿದೆ ಎಂಬುದಕ್ಕೂ ಉತ್ತರ ಇದೇ ಚಿತ್ರದಲ್ಲಿದೆ. ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್‌ನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿದರೆ 0.30000000000000004 ಎಂಬ ಉತ್ತರ ಬರುತ್ತದೆ, ಏಕೆಂದರೆ ಅವು ದಶಮಾಂಶ ಸಂಖ್ಯೆಗಳನ್ನು ಮಾಮೂಲಿಯಾಗಿ ಎರಡರ ಘಾತಗಳಲ್ಲಿ ಇಟ್ಟುಕೊಳ್ಳುತ್ತವೆ, ಹತ್ತನೆಯ ಒಂದು ಭಾಗ ಆ ಅಳತೆಯಲ್ಲಿ ಸರಿಯಾಗಿ ಕೂರುವುದಿಲ್ಲ. ಆ ಭಾಷೆಗಳಲ್ಲಿಯೂ ಇದಕ್ಕೆ ಪರಿಹಾರಗಳಿವೆ. ಆದರೆ ಕೋಬಾಲ್ ಹುಟ್ಟಿನಿಂದಲೇ ಹತ್ತರ ಲೆಕ್ಕ ಮಾಡುತ್ತದೆ. ಹಾಗೆಂದು ಇಲ್ಲಿಯೂ ಮೈಮರೆಯುವಂತಿಲ್ಲ. 5,000 ರೂಪಾಯಿಗೆ ವರ್ಷಕ್ಕೆ ಶೇ. 7.25ರಂತೆ ಒಂದು ತಿಂಗಳ ಬಡ್ಡಿ 30.2083 ರೂಪಾಯಿ ಆಗುತ್ತದೆ. ಪೈಸೆಗೆ ಎರಡು ಸ್ಥಾನ ಕೊಟ್ಟಿದ್ದರೆ ಕೋಬಾಲ್ ಉಳಿದುದನ್ನು ಕತ್ತರಿಸಿ 30.20 ಎಂದು ಇಡುತ್ತದೆ. ‘ರೌಂಡೆಡ್’ ಎಂಬ ಪದವನ್ನು ನೀವು ಬರೆದಾಗ ಮಾತ್ರ ಅದು 30.21 ಆಗುತ್ತದೆ. ಒಂದು ಪೈಸೆಯ ವ್ಯತ್ಯಾಸ ಲಕ್ಷಾಂತರ ಖಾತೆಗಳಲ್ಲಿ ಏನಾದೀತೆಂದು ಲೆಕ್ಕಪರಿಶೋಧನೆಯ ಕಚೇರಿಯಲ್ಲಿದ್ದ ನಿಮಗೆ ಹೇಳಬೇಕಾಗಿಲ್ಲ.

ನಮ್ಮವರಿಗೆ ಹಿಡಿಸುವ ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಮುದ್ರಣದ ಚಿತ್ರದಲ್ಲಿ ಅಲ್ಪವಿರಾಮವನ್ನು ನೀವು ಎಲ್ಲಿ ಬರೆಯುತ್ತೀರೋ ಕೋಬಾಲ್ ಅಲ್ಲೇ ಇಡುತ್ತದೆ. ಮೂರು ಮೂರು ಅಂಕಿಗೆ ಅಲ್ಪವಿರಾಮ ಹಾಕುವ ಪಾಶ್ಚಾತ್ಯ ಪದ್ಧತಿಯನ್ನು ಅದು ನಮ್ಮ ಮೇಲೆ ಹೇರುವುದಿಲ್ಲ. ಎರಡು ಝಡ್, ಅಲ್ಪವಿರಾಮ, ಎರಡು ಝಡ್, ಅಲ್ಪವಿರಾಮ, ಎರಡು ಝಡ್ ಮತ್ತೊಂದು 9, ಬಿಂದು, ಎರಡು 9 ಎಂದು ಚಿತ್ರ ಬರೆದರೆ 12,34,567.50 ಎಂದು ಲಕ್ಷದ ಕ್ರಮದಲ್ಲೇ ಮುದ್ರಣವಾಗುತ್ತದೆ. ಝಡ್ ಇರುವೆಡೆ ಮುಂಭಾಗದ ಸೊನ್ನೆಗಳೂ ಅವುಗಳ ಜೊತೆಗಿನ ಅಲ್ಪವಿರಾಮಗಳೂ ತಾವಾಗಿಯೇ ಖಾಲಿ ಜಾಗವಾಗುತ್ತವೆ.

ಇಷ್ಟಾದ ಮೇಲೆ ಪ್ರೊಸೀಜರ್ ವಿಭಾಗದ ಕ್ರಿಯಾಪದಗಳಿಗೆ ಬನ್ನಿ. ಮೂವ್, ಆ್ಯಡ್, ಕಂಪ್ಯೂಟ್, ಇಫ್, ಪರ್‌ಫಾರ್ಮ್, ರೀಡ್, ರೈಟ್, ಡಿಸ್‌ಪ್ಲೇ ಎಂಬ ಎಂಟು ಪದಗಳಿಂದ ಮೊದಲ ಎರಡು ತಿಂಗಳ ಬಹುಪಾಲು ಕೆಲಸ ನಡೆಯುತ್ತದೆ. ಆದರೆ ಕೋಬಾಲ್ ಒಂದರಿಂದಲೇ ಕೆಲಸ ಸಿಕ್ಕೀತೆಂದು ನಂಬಬೇಡಿ. ಮೇನ್‌ಫ್ರೇಮ್‌ನಲ್ಲಿ ಪ್ರೋಗ್ರಾಮನ್ನು ಓಡಿಸಲು ಜೆಸಿಎಲ್, ಮಾಹಿತಿ ಇಡಲು ವಿಸ್ಯಾಮ್ ಮತ್ತು ಡಿಬಿಟು, ಪರದೆಯ ವ್ಯವಹಾರಕ್ಕೆ ಸಿಐಸಿಎಸ್ ಇವುಗಳ ಪರಿಚಯವನ್ನೂ ಸಂದರ್ಶನದಲ್ಲಿ ಕೇಳುತ್ತಾರೆ. ಆರು ತಿಂಗಳ ದುಡಿಮೆ ಎಂದು ಮನಸ್ಸಿನಲ್ಲಿಟ್ಟುಕೊಂಡು ಹೊರಡಿ. ‘ಹದಿನೈದು ದಿನಗಳಲ್ಲಿ ಮೇನ್‌ಫ್ರೇಮ್’ ಎಂದು ಫಲಕ ಹಾಕಿಕೊಂಡವರಿಗೆ ಫೀಸು ಕಟ್ಟುವ ಮುನ್ನ ಅತ್ತಿಗೆಯವರನ್ನು ಒಮ್ಮೆ ಕೇಳಿ.

ಪ್ರಶ್ನೆ: ಮೇನ್‌ಫ್ರೇಮ್ ಎಂದರೆ ಕೋಟಿಗಟ್ಟಲೆ ಬೆಲೆಯ ಯಂತ್ರವೆಂದು ಕೇಳಿದ್ದೇನೆ. ನನ್ನಲ್ಲಿರುವುದು ಅಣ್ಣ ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪ್. ಅದರಲ್ಲಿ ಕೋಬಾಲ್ ಅಭ್ಯಾಸ ಮಾಡಲು ಆಗುತ್ತದೆಯೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಧಾರಾಳವಾಗಿ ಆಗುತ್ತದೆ. ಗ್ನೂಕೋಬಾಲ್ ಎಂಬ ಉಚಿತ ಕಂಪೈಲರ್ ಇದೆ. ಮೊದಲು ಓಪನ್‌ಕೋಬಾಲ್ ಎಂಬ ಹೆಸರಿತ್ತು. ಅದು ನಿಮ್ಮ ಪ್ರೋಗ್ರಾಮನ್ನು ಮೊದಲು ಸಿ ಭಾಷೆಗೆ ತಿರುಗಿಸಿ, ಬಳಿಕ ಸಿ ಕಂಪೈಲರಿನ ನೆರವಿನಿಂದ ಯಂತ್ರಭಾಷೆಗೆ ಇಳಿಸುತ್ತದೆ. ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿಕೊಂಡರೆ ಇದನ್ನು ಅಳವಡಿಸುವುದು ಸುಲಭ. ಕಂಪೈಲ್ ಮಾಡುವಾಗ, ಪ್ರೋಗ್ರಾಂ ಓಡುವಾಗಿನ ತಪ್ಪುಗಳನ್ನು ಹಿಡಿಯುವ ಡಿಬಗ್ ಆಯ್ಕೆಯನ್ನು ತಪ್ಪದೆ ಕೊಡಿ. ಅದಕ್ಕೆ ಕಾರಣವಿದೆ: ಅಂಕಿ ಇರಬೇಕಾದ ಜಾಗದಲ್ಲಿ ಖಾಲಿ ಅಕ್ಷರ ಕುಳಿತಿದ್ದರೆ ನಿಜವಾದ ಮೇನ್‌ಫ್ರೇಮ್ ಕೂಡುವ ಹೊತ್ತಿಗೆ ಪ್ರೋಗ್ರಾಮನ್ನು ಸಾಮಾನ್ಯವಾಗಿ ಅಲ್ಲಿಯೇ ಕೆಡವುತ್ತದೆ. ಮೇನ್‌ಫ್ರೇಮ್‌ನವರು ಇದನ್ನು ‘ಸಾಕ್ ಸೆವೆನ್’ ಎಂದು ಕರೆಯುತ್ತಾರೆ. ರಾತ್ರಿ ಪಾಳಿಯಲ್ಲಿ ದೂರವಾಣಿ ಮೊಳಗಿದರೆ ಮೊದಲು ಬರುವ ಅನುಮಾನ ಅದರದೇ. ಲ್ಯಾಪ್‌ಟಾಪಿನಲ್ಲಿ ಡಿಬಗ್ ಆಯ್ಕೆ ಇಲ್ಲದಿದ್ದರೆ ಅದೇ ತಪ್ಪು ಏನೋ ಒಂದು ಸಂಖ್ಯೆಯನ್ನು ಕೊಟ್ಟು ಮುಂದೆ ಸಾಗಿಬಿಡಬಹುದು, ನೀವು ಎಲ್ಲವೂ ಸರಿಯಿದೆ ಎಂದು ತಿಳಿಯುತ್ತೀರಿ.

ಎರಡು ಮೂರು ತಿಂಗಳ ಅಭ್ಯಾಸದ ನಂತರ ನಿಜವಾದ ಮೇನ್‌ಫ್ರೇಮನ್ನೂ ದೂರದಿಂದ ಮುಟ್ಟಬಹುದು. ಐಬಿಎಂ ನಡೆಸುವ ಝಡ್ ಎಕ್ಸ್‌ಪ್ಲೋರ್ ಎಂಬ ಉಚಿತ ಕಲಿಕಾ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಂಡರೆ ಅಂಥ ಯಂತ್ರದ ಮೇಲೆ ಜೆಸಿಎಲ್ ಮತ್ತು ಕೋಬಾಲ್‌ನ ಅಭ್ಯಾಸಗಳನ್ನು ಮಾಡಬಹುದು. ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿರುವ ಓಪನ್ ಮೇನ್‌ಫ್ರೇಮ್ ಪ್ರಾಜೆಕ್ಟ್ 2020ರಲ್ಲಿ ಆರಂಭಿಸಿದ ಕೋಬಾಲ್ ಪಾಠಮಾಲೆಯೂ ಉಚಿತ. ಇವೆರಡೂ ಇಂಗ್ಲಿಷಿನಲ್ಲಿವೆ, ಆದರೆ ಭಾಷೆ ಸರಳವಾಗಿದೆ.

ಪ್ರಶ್ನೆ: ಕಾಲೇಜಿನ ಹಳೆಯ ಪುಸ್ತಕ ನೋಡಿ ಒಂದು ಪ್ರೋಗ್ರಾಂ ಬರೆದೆ. ಬಾಕಿ ಸಾವಿರಕ್ಕಿಂತ ಕಡಿಮೆ ಇರುವ ಖಾತೆಗೆ ಮಾತ್ರ ದಂಡದ ಗುರುತು ಹಾಕಿ 50 ರೂಪಾಯಿ ಕಳೆಯಬೇಕು. ಆದರೆ ಎಲ್ಲ ಖಾತೆಗಳಿಂದಲೂ 50 ರೂಪಾಯಿ ಕಳೆದುಹೋಗುತ್ತಿದೆ. ಮೂರು ಸಂಜೆ ಹುಡುಕಿದರೂ ತಪ್ಪು ಸಿಗಲಿಲ್ಲ. ಇದಕ್ಕೂ ಮೊದಲು, ಎಡಗಡೆಯ ಅಂಚಿನಿಂದ ಬರೆದ ಸಾಲುಗಳಿಗೆಲ್ಲ ತಪ್ಪು ತೋರಿಸುತ್ತಿತ್ತು. ಅದೇಕೆ?
— ವಿದ್ಯಾರ್ಥಿ, ಮೈಸೂರು

ಉತ್ತರ: ನೀವು ಕಳುಹಿಸಿದ ಮೂರು ಸಾಲುಗಳು ಹೀಗಿವೆ:

ಇಫ್ ಬಾಕಿ ಈಸ್ ಲೆಸ್ ದ್ಯಾನ್ 1000
ಮೂವ್ 'ವೈ' ಟು ದಂಡದ-ಗುರುತು.
ಸಬ್‌ಟ್ರ್ಯಾಕ್ಟ್ 50 ಫ್ರಮ್ ಬಾಕಿ.

ಎರಡನೆಯ ಸಾಲಿನ ಕೊನೆಯ ಚುಕ್ಕೆಯನ್ನು ನೋಡಿ. ಕೋಬಾಲ್‌ನಲ್ಲಿ ಪೂರ್ಣವಿರಾಮ ಬಿತ್ತೆಂದರೆ ವಾಕ್ಯವೂ ಮುಗಿಯಿತು, ಅದರೊಳಗಿದ್ದ ‘ಇಫ್’ ಷರತ್ತೂ ಮುಗಿಯಿತು. ಮೂರನೆಯ ಸಾಲು ಷರತ್ತಿನ ಹೊರಗೆ ಉಳಿದು, ಬಾಕಿ ಎಷ್ಟೇ ಇದ್ದರೂ 50 ರೂಪಾಯಿಯನ್ನು ಕಳೆಯುತ್ತದೆ. ನೀವು ಆ ಸಾಲನ್ನು ಒಳಕ್ಕೆ ಸರಿಸಿ ಬರೆದಿದ್ದರೂ ಕಂಪೈಲರಿಗೆ ಆ ಜಾಗದ ಲೆಕ್ಕವಿಲ್ಲ. ಮೂರು ಸಂಜೆ ಕಳೆದುದಕ್ಕೆ ಬೇಸರಪಡಬೇಡಿ. ಈ ಚುಕ್ಕೆ ಕೋಬಾಲ್ ಬರೆದ ಪ್ರತಿಯೊಬ್ಬರನ್ನೂ ಒಮ್ಮೆಯಾದರೂ ಕಾಡಿದೆ. 1985ರ ಮಾನಕದಲ್ಲಿ ‘ಎಂಡ್-ಇಫ್’ ಎಂಬ ಮುಕ್ತಾಯದ ಪದ ಬಂದಿದೆ. ಪ್ರತಿ ‘ಇಫ್’ಗೂ ಅದನ್ನು ಬರೆಯಿರಿ, ಪೂರ್ಣವಿರಾಮವನ್ನು ಪ್ಯಾರಾಗ್ರಾಫಿನ ಕೊನೆಗೆ ಒಂದೇ ಒಂದು ಇಡಿ. ನಿಮ್ಮ ಪುಸ್ತಕ ಅದಕ್ಕಿಂತ ಹಿಂದಿನದಾಗಿದ್ದರೆ ಅದರ ಉದಾಹರಣೆಗಳನ್ನು ಹಾಗೆಯೇ ನಕಲು ಮಾಡಬೇಡಿ.

ಎಡ ಅಂಚಿನ ತೊಡಕಿಗೆ, ಹಿಂದೆ ತೂತು ಹೊಡೆದು ಪ್ರೋಗ್ರಾಂ ಬರೆಯುತ್ತಿದ್ದ ಪಂಚ್ ಕಾರ್ಡ್ ಕಾರಣ. ಐಬಿಎಂನ 80 ಕಾಲಂಗಳ ಕಾರ್ಡು 1928ರಿಂದ ಬಳಕೆಯಲ್ಲಿತ್ತು. ಒಂದು ಕಾರ್ಡಿಗೆ ಪ್ರೋಗ್ರಾಮಿನ ಒಂದು ಸಾಲು. ಮೊದಲ ಆರು ಕಾಲಂಗಳು ಕಾರ್ಡಿನ ಕ್ರಮಸಂಖ್ಯೆಗೆ ಮೀಸಲು. ಕಾರ್ಡಿನ ಕಟ್ಟು ಕೈಜಾರಿ ನೆಲಕ್ಕೆ ಚೆಲ್ಲಿದರೆ ಆ ಸಂಖ್ಯೆಯಿಂದಲೇ ಮತ್ತೆ ಜೋಡಿಸಬೇಕಾಗಿತ್ತು. ಏಳನೆಯ ಕಾಲಂನಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಆ ಸಾಲು ಟಿಪ್ಪಣಿ. ವಿಭಾಗ ಮತ್ತು ಪ್ಯಾರಾಗ್ರಾಫುಗಳ ಹೆಸರು ಎಂಟರಿಂದ, ಆದೇಶಗಳು ಹನ್ನೆರಡರಿಂದ ಆರಂಭವಾಗಬೇಕು. 72ರ ಆಚೆ ಬರೆದುದನ್ನು ಕಂಪೈಲರ್ ಓದುವುದಿಲ್ಲ. ನೀವು ಅಂಚಿನಿಂದಲೇ ಬರೆದುದರಿಂದ ಪ್ರತಿ ಸಾಲಿನ ಮೊದಲ ಆರು ಅಕ್ಷರಗಳು ಕ್ರಮಸಂಖ್ಯೆಯ ಲೆಕ್ಕಕ್ಕೆ ಸೇರಿಹೋದವು. 2002ರ ಮಾನಕ ಈ ಕಟ್ಟುಪಾಡನ್ನು ಸಡಿಲಿಸಿದೆ, ಗ್ನೂಕೋಬಾಲ್‌ನಲ್ಲಿ ‘ಫ್ರೀ’ ಎಂಬ ಆಯ್ಕೆ ಕೊಟ್ಟರೆ ಎಲ್ಲಿಂದ ಬೇಕಾದರೂ ಬರೆಯಬಹುದು. ಆದರೂ ನನ್ನ ಸಲಹೆ ಹಳೆಯ ಕಾಲಂಗಳಲ್ಲೇ ಅಭ್ಯಾಸ ಮಾಡಿ ಎಂದು, ಏಕೆಂದರೆ ಕೆಲಸದ ಜಾಗದಲ್ಲಿ ನಿಮ್ಮ ಕೈಗೆ ಬರುವ ಹಳೆಯ ಪ್ರೋಗ್ರಾಮುಗಳೆಲ್ಲ ಹಾಗೆಯೇ ಇರುತ್ತವೆ.

ಪ್ರಶ್ನೆ: ಮಗ ದ್ವಿತೀಯ ಪಿಯುಸಿಯಲ್ಲಿದ್ದಾನೆ. ಮೊದಲ ಭಾಷೆಯಾಗಿ ಕೋಬಾಲ್ ಕಲಿಸಬಹುದೇ? ಕೃತಕ ಬುದ್ಧಿಮತ್ತೆಯೇ ಹಳೆಯ ಪ್ರೋಗ್ರಾಮುಗಳನ್ನೆಲ್ಲ ಜಾವಾ ಭಾಷೆಗೆ ತಿರುಗಿಸುತ್ತದೆ ಎನ್ನುತ್ತಾರಲ್ಲ, ಆಗ ಕಲಿತದ್ದು ವ್ಯರ್ಥವಾಗದೇ?
— ಪೋಷಕರು, ತುಮಕೂರು

ಉತ್ತರ: ಪಿಯುಸಿಯ ಹುಡುಗನಿಗೆ ಬೇಡ. ಅವನು ಪೈಥಾನ್ ಕಲಿಯಲಿ. ಬಡ್ಡಿ, ಬಾಕಿ, ಸಂಬಳದ ಪಟ್ಟಿಗಳ ಗೋಜು ತಿಳಿಯದ ವಯಸ್ಸಿನಲ್ಲಿ ಕೋಬಾಲ್ ರುಚಿಸುವುದಿಲ್ಲ.

ಎರಡನೆಯ ಪ್ರಶ್ನೆಗೆ ಇಷ್ಟು ಹೇಳಬಲ್ಲೆ. ಒಂದು ಭಾಷೆಯ ಆದೇಶವನ್ನು ಇನ್ನೊಂದಕ್ಕೆ ತಿರುಗಿಸುವ ಉಪಕರಣಗಳು ಹಿಂದೆಯೂ ಇದ್ದವು, ಈಗಿನವು ಹೆಚ್ಚು ಚುರುಕಾಗಿವೆ. ಆದರೆ ‘ಖಾತೆಯ ವಿಧ 7 ಆಗಿದ್ದರೆ ಈ ಲೆಕ್ಕ ಬಿಟ್ಟುಬಿಡು’ ಎಂಬ ಸಾಲನ್ನು ಯಾವುದೋ ಒಂದು ಸುತ್ತೋಲೆಯ ಕಾರಣಕ್ಕೆ ಯಾರೋ ಸೇರಿಸಿರುತ್ತಾರೆ. ಆ ಸುತ್ತೋಲೆ ಈಗಲೂ ಜಾರಿಯಲ್ಲಿದೆಯೇ, ಸಾಲನ್ನು ಉಳಿಸಬೇಕೇ ತೆಗೆಯಬೇಕೇ ಎಂಬುದನ್ನು ಹೇಳಬೇಕಾದರೆ ಹಳೆಯದನ್ನು ಓದಬಲ್ಲ ಮನುಷ್ಯ ಬೇಕು. 2020ರ ಏಪ್ರಿಲ್‌ನಲ್ಲಿ ಕೊರೋನಾ ಕಾರಣಕ್ಕೆ ನಿರುದ್ಯೋಗ ಭತ್ಯೆಯ ಅರ್ಜಿಗಳು ಪ್ರವಾಹದಂತೆ ಬಂದಾಗ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ ಫಿಲ್ ಮರ್ಫಿ, ಕೋಬಾಲ್ ಬಲ್ಲವರು ನೆರವಿಗೆ ಬರಬೇಕೆಂದು ಬಹಿರಂಗವಾಗಿಯೇ ಕೇಳಿಕೊಂಡಿದ್ದರು.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾಗಿ ಆರು ವರ್ಷವಾಯಿತು. ಕೆಲಸಕ್ಕಾಗಿ ಅಲ್ಲ, ನಾವು ಕೈಯಿಂದ ಬರೆಯುತ್ತಿದ್ದ ಲೆಡ್ಜರುಗಳು ಕಂಪ್ಯೂಟರಿನ ಒಳಗೆ ಹೇಗೆ ನಡೆಯುತ್ತವೆ ಎಂದು ತಿಳಿಯುವ ಆಸೆಗಾಗಿ ಕೋಬಾಲ್ ಕಲಿಯುತ್ತಿದ್ದೇನೆ. ವ್ಯಾಕರಣ ಅರ್ಥವಾಗಿದೆ. ಅಭ್ಯಾಸಕ್ಕೆ ಒಳ್ಳೆಯ ಒಂದು ಲೆಕ್ಕ ಕೊಡುವಿರಾ?
— ಓದುಗರೊಬ್ಬರು, ಉಡುಪಿ

ಉತ್ತರ: ತಮಗೆ ನಾನು ಕೊಡುವ ಲೆಕ್ಕವನ್ನು ತಾವು ಸಾವಿರಾರು ಸಂಜೆ ಕೈಯಿಂದ ಮಾಡಿದ್ದೀರಿ: ದಿನದ ಕಿರ್ದಿಯಿಂದ ಖಾತೆಗಳಿಗೆ ಖತಾವಣಿ ಮಾಡುವುದು. ಕೋಬಾಲ್‌ನ ಬ್ಯಾಚ್ ಕೆಲಸಗಳಿಗೆ, ಅಂದರೆ ಕೂಡಿಟ್ಟ ವ್ಯವಹಾರಗಳನ್ನು ಒಟ್ಟಿಗೇ ಮುಗಿಸುವ ಕೆಲಸಗಳಿಗೆ, ಇದೇ ತಾಯಿಬೇರು.

ಎರಡು ಫೈಲುಗಳನ್ನು ಮಾಡಿಕೊಳ್ಳಿ. ಮೊದಲನೆಯದು ಮಾಸ್ಟರ್, ಅದರಲ್ಲಿ ಖಾತೆ ಸಂಖ್ಯೆ, ಹೆಸರು, ಬಾಕಿ. ಎರಡನೆಯದು ದಿನದ ವ್ಯವಹಾರ, ಅದರಲ್ಲಿ ಖಾತೆ ಸಂಖ್ಯೆ, ಜಮೆಯೋ ಖರ್ಚೋ ಎಂಬ ಗುರುತು, ಮೊತ್ತ. ಎರಡನ್ನೂ ಖಾತೆ ಸಂಖ್ಯೆಯ ಏರಿಕೆಯ ಕ್ರಮದಲ್ಲಿ ಜೋಡಿಸಿಡಿ. ಇಡೀ ಉಪಾಯ ನಿಂತಿರುವುದು ಈ ಜೋಡಣೆಯ ಮೇಲೆ. ಈಗ ಎರಡರಿಂದಲೂ ಒಂದೊಂದು ರೆಕಾರ್ಡನ್ನು ಓದಿ ಸಂಖ್ಯೆಗಳನ್ನು ಹೋಲಿಸಿ. ಮಾಸ್ಟರಿನಲ್ಲಿ 1004, ವ್ಯವಹಾರದಲ್ಲಿ 1007 ಇದ್ದರೆ, 1004ರ ಖಾತೆಗೆ ಇನ್ನು ಯಾವ ವ್ಯವಹಾರವೂ ಬಾಕಿ ಇಲ್ಲವೆಂದೇ ಅರ್ಥ. ಅದನ್ನು ಹೊಸ ಮಾಸ್ಟರಿಗೆ ಬರೆದು ಮಾಸ್ಟರಿನ ಮುಂದಿನ ರೆಕಾರ್ಡನ್ನು ಓದಿ. ಎರಡರಲ್ಲೂ 1007 ಇದ್ದರೆ ಬಾಕಿಗೆ ಕೂಡಿಸಿ ಅಥವಾ ಕಳೆದು, ವ್ಯವಹಾರದ ಮುಂದಿನ ರೆಕಾರ್ಡನ್ನು ಮಾತ್ರ ಓದಿ, ಏಕೆಂದರೆ ಒಬ್ಬರೇ ಒಂದೇ ದಿನ ಎರಡು ಸಲ ಹಣ ಕಟ್ಟಿರಬಹುದು. ಮಾಸ್ಟರಿನಲ್ಲಿ 1010 ಬಂದಿದ್ದು ವ್ಯವಹಾರದಲ್ಲಿ 1009 ಇದ್ದರೆ, ಅಂಥ ಖಾತೆಯೇ ಇಲ್ಲ. ಅದನ್ನು ತಪ್ಪುಗಳ ಪಟ್ಟಿಗೆ ಬರೆದು ಮುಂದೆ ಹೋಗಿ.

ಹೊಸಬರು ಎಡವುವುದು ಕೊನೆಯಲ್ಲಿ. ಒಂದು ಫೈಲು ಮುಗಿದು ಇನ್ನೊಂದರಲ್ಲಿ ರೆಕಾರ್ಡುಗಳು ಉಳಿದಿದ್ದರೆ ಏನು ಮಾಡಬೇಕು? ಹಳಬರ ಉಪಾಯ ಬಹಳ ಸೊಗಸಾಗಿದೆ. ಯಾವ ಫೈಲು ಮುಗಿಯಿತೋ ಅದರ ಖಾತೆ ಸಂಖ್ಯೆಯ ಜಾಗಕ್ಕೆ ‘ಹೈ-ವ್ಯಾಲ್ಯೂಸ್’ ಎಂಬುದನ್ನು ತುಂಬುತ್ತಾರೆ, ಅಂದರೆ ಎಲ್ಲಕ್ಕಿಂತ ದೊಡ್ಡ ಬೆಲೆ. ಅದಕ್ಕಾಗಿ ಹೋಲಿಕೆಗೆ ಬಳಸುವ ಖಾತೆ ಸಂಖ್ಯೆಯನ್ನು ‘ಪಿಕ್ ಎಕ್ಸ್’ ಎಂದು ಬರೆದುಕೊಳ್ಳಬೇಕು. ಆಗ ಉಳಿದ ಫೈಲಿನ ಪ್ರತಿಯೊಂದು ಸಂಖ್ಯೆಯೂ ಅದಕ್ಕಿಂತ ಚಿಕ್ಕದಾಗಿ, ಮೇಲೆ ಹೇಳಿದ ಮೂರೇ ನಿಯಮಗಳಲ್ಲಿ ಕೆಲಸ ತಾನಾಗಿ ಮುಗಿಯುತ್ತದೆ. ಎರಡೂ ಜಾಗದಲ್ಲಿ ಹೈ-ವ್ಯಾಲ್ಯೂಸ್ ಬಂದಾಗ ಪ್ರೋಗ್ರಾಂ ನಿಲ್ಲಬೇಕು.

ಕೊನೆಗೆ ಹಳೆಯ ಮಾಸ್ಟರಿನ ಒಟ್ಟು ಬಾಕಿ, ಸ್ವೀಕೃತವಾದ ಜಮೆ, ಸ್ವೀಕೃತವಾದ ಖರ್ಚು ಮತ್ತು ಹೊಸ ಮಾಸ್ಟರಿನ ಒಟ್ಟು ಬಾಕಿ ಇವನ್ನು ಮುದ್ರಿಸಿ ತಾಳೆ ನೋಡಿ. ಇದನ್ನು ತಮಗೆ ಹೇಳಿಕೊಡಬೇಕಾಗಿಲ್ಲ. ಯುವಕರು ಮಾತ್ರ ಇದನ್ನು ಮರೆಯುತ್ತಾರೆ.

ಪ್ರಶ್ನೆ: ಗ್ನೂಕೋಬಾಲ್‌ನಲ್ಲಿ ನಮ್ಮ ಹಾಲಿನ ಸಂಘದ ಸದಸ್ಯರ ಹೆಸರುಗಳನ್ನು ಕನ್ನಡದಲ್ಲೇ ಇಡಲು ಯತ್ನಿಸಿದೆ. ಹೆಸರಿಗೆ ಮೂವತ್ತು ಅಕ್ಷರಗಳ ಜಾಗ ಕೊಟ್ಟಿದ್ದರೂ ‘ಶ್ರೀನಿವಾಸಮೂರ್ತಿ’ ಎಂಬ ಹೆಸರು ‘ಶ್ರೀನಿವಾಸಮ’ ಎಂದು ತುಂಡಾಗಿ ಬರುತ್ತಿದೆ. ಕೋಬಾಲ್‌ಗೆ ಕನ್ನಡ ಬರುವುದಿಲ್ಲವೇ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಕನ್ನಡ ಬರುತ್ತದೆಯೋ ಇಲ್ಲವೋ ಎಂಬುದು ಇಲ್ಲಿ ಅದಕ್ಕೆ ಗೊತ್ತೇ ಇಲ್ಲ, ಅದು ಬೈಟುಗಳನ್ನು, ಅಂದರೆ ಕಂಪ್ಯೂಟರ್ ನೆನಪಿನ ಪುಟ್ಟ ಚೌಕಗಳನ್ನು, ಮಾತ್ರ ಎಣಿಸುತ್ತಿದೆ. ‘ಪಿಕ್ ಎಕ್ಸ್(30)’ ಎಂದರೆ ಮೂವತ್ತು ಬೈಟು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟು ಸಾಕು, ಆದರೆ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕು, ಮತ್ತು ನಾವು ಒಂದು ಅಕ್ಷರವೆಂದು ಕಾಣುವುದರಲ್ಲಿ ಹಲವು ಸಂಕೇತಗಳಿರುತ್ತವೆ. ‘ಶ್ರೀ’ ಎಂಬುದನ್ನೇ ಬಿಡಿಸಿ ನೋಡಿ: ಶ, ವಿರಾಮದ ಚಿಹ್ನೆ, ರ, ದೀರ್ಘದ ಚಿಹ್ನೆ ಎಂದು ನಾಲ್ಕು ಸಂಕೇತಗಳು, ಹನ್ನೆರಡು ಬೈಟು. ‘ಶ್ರೀನಿವಾಸ’ ಎಂಬುದಕ್ಕೆ 27 ಬೈಟು ಆಯಿತು. ಮುಂದಿನ ‘ಮ’ ಸೇರಿದಾಗ ಸರಿಯಾಗಿ 30 ತುಂಬಿತು, ಅದರ ದೀರ್ಘವೂ ‘ರ್ತಿ’ಯೂ ಹೊರಗೆ ಉಳಿದವು. ಪೂರ್ತಿ ಹೆಸರಿಗೆ 45 ಬೈಟು ಬೇಕು.

ಆದ್ದರಿಂದ ಕನ್ನಡದ ಹೆಸರಿಗೆ 120 ಬೈಟಿನ ಜಾಗ ಕೊಡಿ. ಹೆಸರು ಅದಕ್ಕೂ ಹೆಚ್ಚಾದರೆ ಮೂರು ಬೈಟುಗಳ ನಡುವೆ ಕತ್ತರಿ ಬೀಳದಂತೆ ಜಾಗದ ಅಳತೆ ಮೂರರಿಂದ ಭಾಗವಾಗುವ ಸಂಖ್ಯೆಯೇ ಆಗಿರಲಿ, 120 ಅಂಥದ್ದೇ. ಆದರೆ ಹೆಸರಿನಲ್ಲಿ ಒಂದೇ ಬೈಟಿನ ಖಾಲಿ ಜಾಗ ಅಥವಾ ಚುಕ್ಕೆ ಇದ್ದರೆ ಈ ಲೆಕ್ಕ ತಪ್ಪಬಹುದು. ಪಟ್ಟಿಯನ್ನು ಕಪ್ಪು ಪರದೆಯ ಟರ್ಮಿನಲ್ಲಿನಲ್ಲಿ ನೋಡಿದರೆ ಒತ್ತಕ್ಷರಗಳು ಚದುರಿ ಕಾಣಬಹುದು, ಕಾಲಂಗಳೂ ಸಾಲಾಗಿ ನಿಲ್ಲುವುದಿಲ್ಲ. ಫೈಲಿಗೆ ಬರೆದು, ಹೆಸರನ್ನು ಸಾಲಿನ ಕೊನೆಯ ಕಾಲಂನಲ್ಲಿಟ್ಟು, ಸಾಮಾನ್ಯ ಎಡಿಟರಿನಲ್ಲಿ ತೆರೆದು ಮುದ್ರಿಸಿಕೊಳ್ಳಿ.